ಸೊನ್ನೆಯ ಸಮೀಪದಲ್ಲಿ

ನಾಲ್ಕು ಚದರ ಮೀಟರು ವಿಸ್ತೀರ್ಣವುಳ್ಳ ಚೌಕದ ಬದಿ ಎರಡು ಮೀಟರು. ಬದಿಯೆಂದರೆ ವಿಸ್ತೀರ್ಣದ ವರ್ಗಮೂಲ. ಚೌಕವು ತುಸು ಹಿಗ್ಗಿದರೆ ಬದಿಯೂ ಹಿಗ್ಗುತ್ತದೆ. ಬದಿಯ ಹೆಚ್ಚಳವನ್ನು ವಿಸ್ತೀರ್ಣದ ಹೆಚ್ಚಳದಿಂದ ಭಾಗಿಸಿದರೆ ಬದಿಯು ಯಾವ ಪ್ರಮಾಣದಲ್ಲಿ ಬೆಳೆಯಿತೆಂಬುದು ತಿಳಿಯುತ್ತದೆ. ಆದರೆ ವಿಸ್ತೀರ್ಣವು ಸರಿಯಾಗಿ ನಾಲ್ಕೇ ಆಗಿರುವಾಗ ಆ ಪ್ರಮಾಣವೆಷ್ಟು? ಆಗ ಎರಡು ಹೆಚ್ಚಳಗಳೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆಯೇ ಬರುವುದರಿಂದ ಈ ಭಾಗಾಕಾರಕ್ಕೆ ನಿಶ್ಚಿತವಾದ ಉತ್ತರವಿಲ್ಲ. ಗಣಿತಜ್ಞರು ಇದನ್ನು ಅನಿರ್ಧಾರ್ಯ ರೂಪವೆಂದು ಕರೆಯುತ್ತಾರೆ.

ನಾಲ್ಕರಲ್ಲಿ ನಿಲ್ಲಲಾಗದಿದ್ದರೂ ನಾಲ್ಕರ ಬಳಿಗೆ ಹೋಗಲು ಅಡ್ಡಿಯಿಲ್ಲ. ವಿಸ್ತೀರ್ಣ 4.41 ಆದಾಗ ಬದಿ 2.1, ಭಾಗಲಬ್ಧ ಸುಮಾರು 0.2439. ವಿಸ್ತೀರ್ಣ 4.0401 ಆದಾಗ ಬದಿ 2.01; ಭಾಗಲಬ್ಧ ಸುಮಾರು 0.2494. ವಿಸ್ತೀರ್ಣ 4.004001 ಆದಾಗ ಬದಿ 2.001; ಭಾಗಲಬ್ಧ ಸುಮಾರು 0.2499. ಈ ಬೆಲೆಗಳು 0.25ನ್ನು, ಅಂದರೆ ಕಾಲನ್ನು ಸಮೀಪಿಸುತ್ತಿವೆ.

ಇದಕ್ಕೆ ಕಾರಣವನ್ನು ಬೀಜಗಣಿತ ತಿಳಿಸುತ್ತದೆ. ಎರಡು ವರ್ಗಗಳ ವ್ಯತ್ಯಾಸವು ಅವುಗಳ ಮೂಲಗಳ ವ್ಯತ್ಯಾಸ ಮತ್ತು ಮೊತ್ತಗಳ ಗುಣಲಬ್ಧಕ್ಕೆ ಸಮ. ಆದುದರಿಂದ ವಿಸ್ತೀರ್ಣದ ಹೆಚ್ಚಳವು ಹಳೆಯ, ಹೊಸ ಬದಿಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಗುಣಿಸಿದಷ್ಟು. ಅಂಶದಲ್ಲಿಯೂ ಛೇದದಲ್ಲಿಯೂ ಇರುವ ಬದಿಗಳ ವ್ಯತ್ಯಾಸವನ್ನು ಹೊಡೆದುಹಾಕಿದರೆ, ಒಂದನ್ನು ಬದಿಗಳ ಮೊತ್ತದಿಂದ ಭಾಗಿಸುವುದಷ್ಟೇ ಉಳಿಯುತ್ತದೆ. ಹೊಸ ಬದಿಯು ಎರಡನ್ನು ಸಮೀಪಿಸಿದಂತೆ ಮೊತ್ತವು ನಾಲ್ಕನ್ನೂ ಭಾಗಲಬ್ಧವು ಕಾಲನ್ನೂ ಸಮೀಪಿಸುತ್ತವೆ.

ಇಲ್ಲಿ ಒಂದು ಶಂಕೆ ಏಳುತ್ತದೆ. ವ್ಯತ್ಯಾಸವನ್ನು ಹೊಡೆದುಹಾಕುವಾಗ ಅದು ಸೊನ್ನೆಯಲ್ಲವೆಂದು ನಂಬಿ, ಮರುಕ್ಷಣವೇ ಅದನ್ನು ಸೊನ್ನೆಯೆಂದು ಎಣಿಸುವುದು ನ್ಯಾಯವೇ? ನ್ಯೂಟನ್ ಮತ್ತು ಲೈಬ್ನಿಟ್ಸ್ ರೂಪಿಸಿದ ಕಲನಶಾಸ್ತ್ರದ ಬುಡದಲ್ಲಿಯೇ ಇಂತಹ ವಿರೋಧವಿದೆಯೆಂದು ಐರ್ಲೆಂಡಿನ ತತ್ತ್ವಜ್ಞಾನಿ, ಬಿಷಪ್ ಜಾರ್ಜ್ ಬರ್ಕ್ಲಿಯು 1734ರಲ್ಲಿ ಪ್ರಕಟವಾದ 'ದಿ ಅನಲಿಸ್ಟ್' ಎಂಬ ಗ್ರಂಥದಲ್ಲಿ ಆಕ್ಷೇಪಿಸಿದನು. ಉತ್ತರಗಳು ಸರಿಯೆಂಬುದನ್ನು ಅವನು ಅಲ್ಲಗಳೆಯಲಿಲ್ಲ. ಉತ್ತರ ಸರಿಯಾದ ಮಾತ್ರಕ್ಕೆ ತರ್ಕವೂ ಸರಿಯಾಗದೆಂಬುದೇ ಅವನ ವಾದ.

ಇದಕ್ಕೆ ತಕ್ಕ ಸಮಾಧಾನ ರೂಪುಗೊಳ್ಳಲು ಬಹುಕಾಲ ಹಿಡಿಯಿತು. 1821ರಲ್ಲಿ ಫ್ರಾನ್ಸಿನ ಕೋಶಿಯು ಪರಿಮಿತಿಯೆಂಬ ಭಾವನೆಯನ್ನು ಕಲನಶಾಸ್ತ್ರದ ತಳಹದಿಯನ್ನಾಗಿ ಮಾಡಿದನು. ಬೆಲೆಗಳು ಒಂದು ನಿಶ್ಚಿತ ಸಂಖ್ಯೆಯನ್ನು ನಾವು ಬಯಸಿದಷ್ಟು ಹತ್ತಿರಕ್ಕೆ ಸಮೀಪಿಸಿದರೆ ಆ ಸಂಖ್ಯೆಯೇ ಅವುಗಳ ಪರಿಮಿತಿ. ಮುಂದೆ ಜರ್ಮನಿಯ ವೈಯರ್‌ಸ್ಟ್ರಾಸ್ ಇದನ್ನು ಅಸಮತೆಗಳ ಮೂಲಕ ಮತ್ತಷ್ಟು ಖಚಿತಗೊಳಿಸಿದನು. ಪರಿಮಿತಿಯನ್ನು ಹುಡುಕುವಾಗ ವ್ಯತ್ಯಾಸವು ಎಂದಿಗೂ ಸೊನ್ನೆಯಾಗಬೇಕಿಲ್ಲ. ಆದುದರಿಂದ ಅದನ್ನು ಹೊಡೆದುಹಾಕುವುದು ನ್ಯಾಯವೇ ಸರಿ. ಕಾಲು ಎಂಬುದು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ ಪಡೆದ ಫಲವಲ್ಲ. ಸಮೀಪದ ಬೆಲೆಗಳೆಲ್ಲ ಬೆರಳು ಮಾಡಿ ತೋರಿಸುವ ಗುರಿ.

ಬರ್ಕ್ಲಿಯ ಪ್ರಶ್ನೆಯಿಂದ ಕಲನಶಾಸ್ತ್ರ ಕುಸಿಯಲಿಲ್ಲ. ತನ್ನ ಅಡಿಪಾಯವನ್ನು ಪರೀಕ್ಷಿಸಿಕೊಂಡು ಅದು ಇನ್ನಷ್ಟು ಗಟ್ಟಿಯಾಯಿತು. ಸರಿಯುತ್ತರ ದೊರೆತ ಮೇಲೂ 'ಇದು ಹೇಗೆ ಸರಿ?' ಎಂದು ಕೇಳುವ ವಿದ್ಯಾರ್ಥಿಯು ಗಣಿತಕ್ಕೆ ಉಪಕಾರವನ್ನೇ ಮಾಡುತ್ತಾನೆ.