ಮಧ್ಯಾಹ್ನ ಎರಡರಿಂದ ನಾಲ್ಕು

ಕೊಪ್ಪಳ ಸೀಮೆಯಲ್ಲಿ ಹತ್ತಿಬೀಜದ ಕ್ರಾಸಿಂಗ್, ಅಂದರೆ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸ, ಶುರುವಾಯಿತೆಂದರೆ ನನ್ನ ಒಂಬತ್ತನೇ ಕ್ಲಾಸಿನ ಹಿಂದಿನ ಮೂರು ಬೆಂಚು ಖಾಲಿ. ಈಚೆಗೆ ಸ್ಟಾಫ್ ರೂಮಿನಲ್ಲಿ ಇದೇ ಮಾತು ಬಂದಾಗ ಸಹೋದ್ಯೋಗಿಯೊಬ್ಬರು, "ಆ ಎರಡು ತಿಂಗಳು ಸಾಲಿ ಮಧ್ಯಾಹ್ನಕ್ಕ ಇಡೋಣ್ರಿ ಸರ. ಮುಂಜಾನೆ ಹೊಲ, ಮಧ್ಯಾಹ್ನ ಪಾಠ" ಅಂದರು. ಕೇಳಲು ಚೆಂದ. ಮೊದಲಾಗಿದ್ದರೆ ಎಲ್ಲರಿಗಿಂತ ಮುಂಚೆ ತಲೆಯಾಡಿಸುತ್ತಿದ್ದವನು ನಾನೇ. ಅವತ್ತು ಮಾತ್ರ ದೆಹಲಿಯ ಮುಖರ್ಜಿ ನಗರದ ಟಿಫಿನ್ ಡಬ್ಬಿಗಳು ನೆನಪಾಗಿ ಸುಮ್ಮನೆ ಕೂತೆ.

2015ರಲ್ಲಿ ಯುಪಿಎಸ್‌ಸಿ ಗೀಳು ಹತ್ತಿಸಿಕೊಂಡು ದೆಹಲಿಗೆ ಹೋಗಿದ್ದೆ. ಬತ್ರಾ ಸಿನಿಮಾದಿಂದ ನಡೆದೇ ಹೋಗುವಷ್ಟು ದೂರದಲ್ಲಿ, ಮೂರನೇ ಮಹಡಿಯಲ್ಲಿ ಒಂದು ಕೋಣೆ. ಮಂಚ, ಮೇಜು, ಗೋಡೆ ತುಂಬ ಭೂಪಟ. ನೆಲಮಹಡಿಯಲ್ಲಿದ್ದ ಆಂಟಿ ನಮ್ಮಂಥವರಿಗೆ ಊಟದ ಡಬ್ಬಿ ಕಟ್ಟುತ್ತಿದ್ದರು. ತಂದುಕೊಡುತ್ತಿದ್ದವನು ಅವರ ಮಗ. ಯಾವ ಕ್ಲಾಸು ಅಂತ ಕೇಳಿದರೆ, "ಒಂಬತ್ತು ಭೈಯಾ, ಎರಡನೇ ಸಲ" ಎಂದು ನಕ್ಕುಬಿಟ್ಟ. ಆಗ ಎಂಟರವರೆಗೆ ಯಾರನ್ನೂ ಫೇಲು ಮಾಡುವಂತಿರಲಿಲ್ಲ. ಎಂಟು ವರ್ಷದ ಬಾಕಿಯೆಲ್ಲ ಒಂಬತ್ತರಲ್ಲಿ ಒಟ್ಟಿಗೇ ವಸೂಲಾಗುತ್ತಿತ್ತು.

ದೆಹಲಿಯ ಎಷ್ಟೋ ಸರ್ಕಾರಿ ಶಾಲೆಗಳು ಎರಡು ಪಾಳಿಯವು. ಕಟ್ಟಡ ಒಂದೇ, ಶಾಲೆ ಎರಡು, ಪ್ರಿನ್ಸಿಪಾಲರೂ ಇಬ್ಬರು. ಬೆಳಿಗ್ಗೆ ಹುಡುಗಿಯರು, ಮಧ್ಯಾಹ್ನದಿಂದ ಸಂಜೆ ಆರರ ಆಚೆವರೆಗೆ ಹುಡುಗರು. ಇವನ ತಂಗಿ ಬೆಳಗಿನ ಪಾಳಿ, ಇವನು ಮಧ್ಯಾಹ್ನದ್ದು. ಒಂದು ದಿನ ನಾನೂ ಗೇಟಿನವರೆಗೆ ಹೋಗಿದ್ದೆ. ಹುಡುಗಿಯರ ಹೊಳೆ ಹೊರಗೆ ಹರಿಯುತ್ತಿತ್ತು, ಹುಡುಗರ ಹೊಳೆ ಒಳಗೆ ನುಗ್ಗುತ್ತಿತ್ತು. ನಡುವೆ ತಂಗಿ ಜಾಮಿಟ್ರಿ ಬಾಕ್ಸ್ ತೆಗೆದು ಅಣ್ಣನ ಕೈಗಿಟ್ಟು, "ಸೀಸದ ಕಡ್ಡಿ ಮುರಿಯಬೇಡ" ಅಂದಳು. ಮನೆಗೆಲ್ಲ ಇದ್ದದ್ದು ಅದೊಂದೇ ಬಾಕ್ಸು.

ನನಗೆ ಈ ಪಾಳಿ ವ್ಯವಸ್ಥೆ ಬಹಳ ಹಿಡಿಸಿತ್ತು. ಬೆಳಿಗ್ಗೆ ಮನೆಗೆ ಆಸರೆ, ಆಮೇಲೆ ಓದು, ಎಂಥ ಹೊಂದಾಣಿಕೆ! ಕಟ್ಟಡ ಸಾಲದ್ದಕ್ಕೆ ಹುಟ್ಟಿದ ಪಾಳಿಯಿದು, ಹುಡುಗರ ಹಿತಕ್ಕಲ್ಲ ಅನ್ನುವುದು ತಡವಾಗಿ ಹೊಳೆಯಿತು. ಆರಕ್ಕೆ ಎದ್ದು ಈರುಳ್ಳಿ ಸುಲಿದು, ಹನ್ನೊಂದಕ್ಕೆ ಡಬ್ಬಿ ಹೊತ್ತು ಮಹಡಿ ಮಹಡಿ ಹತ್ತಿಳಿದು ಬೆಂಚಿಗೆ ಒರಗಿದ ಹುಡುಗನಿಗೆ ಬೀಜಗಣಿತ ಎಲ್ಲಿಂದ ಹತ್ತಬೇಕು? ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ, 1000 ಗಂಟೆ ಪಾಠ ಆಗಬೇಕು ಅನ್ನುತ್ತದೆ. ಗಂಟೆಯ ಲೆಕ್ಕವಿದೆ, ಆ ಗಂಟೆಗೆ ಮಗುವಿನ ಮೈಯಲ್ಲಿ ಎಷ್ಟು ಕಸುವು ಉಳಿದಿರುತ್ತದೆ ಅನ್ನುವ ಲೆಕ್ಕವಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಇನ್ನೂ ಮಜಾ. ಹದಿನಾಲ್ಕರೊಳಗಿನವರು ಶಾಲೆ ಮುಗಿದ ಮೇಲೆ ಮನೆಯ ಕಸುಬಿಗೆ ಕೈಜೋಡಿಸಬಹುದಂತೆ. ಮಧ್ಯಾಹ್ನದ ಪಾಳಿಯವನಿಗೆ ಶಾಲೆ ಮುಗಿಯುವುದು ಯಾವಾಗ, ನಿನ್ನೆ ಸಂಜೆಯೇ?

ಆ ವರ್ಷವೂ ಅವನು ಫೇಲಾದ. 2016ರ ಜೂನ್‌ನಲ್ಲಿ ದೆಹಲಿ ಸರ್ಕಾರ 'ಚುನೌತಿ 2018' ಎಂಬ ಯೋಜನೆ ತಂದಿತು. ಒಂಬತ್ತರಲ್ಲಿ ಎರಡು ಸಲ, ಅದಕ್ಕೂ ಹೆಚ್ಚು ಸಲ ಉಳಿದವರು ಪತ್ರಾಚಾರ್ ವಿದ್ಯಾಲಯದ ಮೂಲಕ ನೇರವಾಗಿ ಹತ್ತನೇ ಪರೀಕ್ಷೆ ಕಟ್ಟಬಹುದಿತ್ತು. 1968ರಿಂದ ಇರುವ ಅಂಚೆ ಶಿಕ್ಷಣದ ಶಾಲೆ ಅದು, ಇರುವುದು ನಮ್ಮ ಪಕ್ಕದ ತಿಮಾರ್‌ಪುರದಲ್ಲೇ. ಆಂಟಿ ನನ್ನನ್ನು ಕೇಳಿದರು. ನಾನು ದೊಡ್ಡ ಜಾಣನಂತೆ, "ಸೇರಿಸಿ ಆಂಟಿ, ದಿನವಿಡೀ ಶಾಲೆಯ ಕಾಟ ಇಲ್ಲ, ಬೇಕಾದಷ್ಟು ಟೈಮ್ ಸಿಗುತ್ತೆ" ಅಂದೆ.

ಟೈಮ್ ಸಿಕ್ಕಿತು. ಎರಡೇ ತಿಂಗಳಲ್ಲಿ ಆಂಟಿಯ ಡಬ್ಬಿಗಳು ಮೂವತ್ತೈದರಿಂದ ಅರವತ್ತಾದವು. ಮಗ ಹೇಗೂ ಮನೆಯಲ್ಲೇ ಇದ್ದಾನಲ್ಲ, ಗಾಂಧಿ ವಿಹಾರದ ಕಡೆಗೂ ಒಂದು ಸುತ್ತು ಹಾಕಲಿ ಎಂದು. ಅವರನ್ನು ದೂರುವುದು ಹೇಗೆ? ಬಾಡಿಗೆ, ಗ್ಯಾಸು, ಊರಿಗೆ ಕಳಿಸುವ ಹಣ ಎಲ್ಲ ಆ ಡಬ್ಬಿಯೊಳಗಿಂದಲೇ ಬರಬೇಕು. ಶಾಲೆಯ ಗಂಟೆ ಬಾರಿಸುತ್ತಿದ್ದಷ್ಟು ದಿನ ಅವನ ಮಧ್ಯಾಹ್ನಕ್ಕೆ ಒಂದು ಬೇಲಿ ಇತ್ತು. ಆ ಬೇಲಿ ಕೀಳುವ ಸಲಹೆ ಕೊಟ್ಟವನು ನಾನು. 2017ರ ಫಲಿತಾಂಶದಲ್ಲಿ ಹಿಂದಿ, ಸಮಾಜ ಎರಡು ಪಾಸು, ಉಳಿದ ಮೂರೂ ಹೋಗಿದ್ದವು. ಅಷ್ಟರಲ್ಲಿ ನನ್ನ ಪ್ರಿಲಿಮ್ಸ್ ಕೂಡ ಒಮ್ಮೆ ಹೋಗಿತ್ತೆನ್ನಿ.

ಮುಂದಿನ ದಾರಿ ಎನ್‌ಐಒಎಸ್, ರಾಷ್ಟ್ರೀಯ ಮುಕ್ತ ಶಾಲೆ. ಅಲ್ಲಿ ಐದು ವರ್ಷದಲ್ಲಿ ಒಂಬತ್ತು ಅವಕಾಶ, ಒಂದೊಂದೇ ವಿಷಯ ಕಟ್ಟಿ ಮುಗಿಸಬಹುದು. ಮೊದಲೇ ಪಾಸಾದ ಎರಡು ವಿಷಯದ ಅಂಕ ಜಮೆಯಾಗುತ್ತದೆ, ಗಣಿತ ಬೇಡವೆಂದರೆ ಬೇರೊಂದು ತೆಗೆದುಕೊಳ್ಳಬಹುದು. ಹುಡುಗ ಆರಿಸಿದ್ದು ಇಂಗ್ಲಿಷ್, ವ್ಯವಹಾರ ಅಧ್ಯಯನ, ಗೃಹವಿಜ್ಞಾನ. ಪುಸ್ತಕದಲ್ಲಿ ಬೇಳೆ ಬೇಯಿಸುವ ಪಾಠ ನೋಡಿ ಆಂಟಿ ಬಿದ್ದುಬಿದ್ದು ನಕ್ಕರು.

ಈ ಸಲ ಫಾರಂ ತುಂಬುವ ಮೊದಲು ನಾನು ಚೌಕಾಸಿಗೆ ಕೂತೆ. ಮಧ್ಯಾಹ್ನ ಎರಡರಿಂದ ನಾಲ್ಕು, ನನ್ನ ಕೋಣೆ, ಭಾನುವಾರ ರಜೆ. ಆ ಹೊತ್ತಲ್ಲಿ ಯಾರ ಡಬ್ಬಿಯೂ ಇಲ್ಲ. ಆಂಟಿ ಲೆಕ್ಕ ಹಾಕಿ ಗಾಂಧಿ ವಿಹಾರದ ಹತ್ತು ಗಿರಾಕಿಗಳನ್ನು ಬಿಟ್ಟರು. ಮೊದಲ ವಾರ ಸರಿಹೋಗಲಿಲ್ಲ. ಒಂದು ದಿನ ಸಿಲಿಂಡರ್ ಬಂತು, ಇನ್ನೊಂದು ದಿನ ಯಾರೋ ಊಟ ಬಂದಿಲ್ಲವೆಂದು ಕೂಗಾಡಿದರು. ಆಮೇಲೆ ಉಪಾಯ ಕಂಡುಕೊಂಡವರು ಆಂಟಿಯೇ. ಪೆಟ್ಟಿಗೆಯ ತಳದಿಂದ ಹಳೆಯ ಯೂನಿಫಾರಂ ಅಂಗಿ ತೆಗೆದು, ತೋಳಿನ ಹೊಲಿಗೆ ಬಿಚ್ಚಿ ಉದ್ದ ಮಾಡಿ, ಎರಡಕ್ಕೆ ಐದು ನಿಮಿಷ ಇರುವಾಗ ಮಗನಿಗೆ ತೊಡಿಸಿ ಮೇಲೆ ಕಳಿಸತೊಡಗಿದರು.

ನನ್ನ ಮಂಚದ ಮೇಲೆ ಕಾಲು ಮಡಚಿ ಕೂತು ಅವನು ಗೃಹವಿಜ್ಞಾನ ಓದುತ್ತಿದ್ದ. ಕೆಳಗೆ ಫೋನು ಬಡಿದುಕೊಳ್ಳುತ್ತಿತ್ತು. "ಡಬ್ಬಿ ನಾಲ್ಕರ ಮೇಲೆ ಬರುತ್ತೆ" ಎಂದು ಆಂಟಿ ಗಟ್ಟಿಯಾಗಿ ಹೇಳುವುದು ಮೆಟ್ಟಿಲ ಸಂದಿಯಿಂದ ಕೇಳಿಸುತ್ತಿತ್ತು. "ಹುಡುಗ ಸ್ಕೂಲಿಗೆ ಹೋಗಿದ್ದಾನೆ."