ಕಂಬಿಯ ಪೊರೆ ಕಾಪಾಡು, ಮಗಳೇ

ಮಗಳೇ, ಮಲ್ಪೆಯಲ್ಲಿ ನಿನ್ನ ಮೊದಲ ಸೈಟು ಶುರುವಾಯಿತೆಂದು ಕೇಳಿ ಖುಷಿಯಾಯಿತು. ಕಡಲ ಬದಿಯ ಕೆಲಸ. ಹಾಗಾಗಿ ತುಕ್ಕಿನ ವಿಷಯ ಈಗಲೇ ಹೇಳಿಬಿಡುತ್ತೇನೆ.

ಅದಿರಿನಲ್ಲಿ ಕಬ್ಬಿಣವೂ ಆಮ್ಲಜನಕವೂ ಕೂಡಿಯೇ ಇದ್ದವು. ಕುಲುಮೆ ಅವನ್ನು ಬೇರ್ಪಡಿಸಿತು. ನೀರು, ಗಾಳಿ ಸಿಕ್ಕರೆ ಮತ್ತೆ ಕೂಡುತ್ತವೆ. ಅಲ್ಯೂಮಿನಿಯಂಗೆ ಆಮ್ಲಜನಕದ ಸೆಳೆತ ಕಬ್ಬಿಣಕ್ಕಿಂತ ಜಾಸ್ತಿ, ಆದರೂ ಅದು ಬಾಳುತ್ತದೆ. ಅದರ ಆಕ್ಸೈಡು ತೆಳ್ಳಗಿನ ಪೊರೆಯಾಗಿ ಮೈಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕಬ್ಬಿಣದ ತುಕ್ಕು ಸಡಿಲ. ಹಕ್ಕಳೆಯೆದ್ದು ಉದುರಿ ಒಳಮೈಯನ್ನು ಗಾಳಿಗೊಡ್ಡುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ಕನಿಷ್ಠ ಶೇ. 10.5 ಕ್ರೋಮಿಯಂ ಬೆರೆಸುವುದು ಅಂಥ ಪೊರೆಗಾಗಿಯೇ. ಗೀರು ಬಿದ್ದರೂ ಅದು ತಾನಾಗಿ ಕೂಡಿಕೊಳ್ಳುತ್ತದೆ. ದೆಹಲಿಯ ಮೆಹ್ರೌಲಿಯ ಕಬ್ಬಿಣದ ಕಂಬ ಸುಮಾರು 1,600 ವರ್ಷ ನಿಂತದ್ದಕ್ಕೂ ಕಬ್ಬಿಣದಲ್ಲಿದ್ದ ರಂಜಕ ಕಟ್ಟಿದ ಪೊರೆಯೇ ಕಾರಣವೆಂದು ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದಾರೆ.

ಕಾಂಕ್ರೀಟಿನೊಳಗಿನ ನಿನ್ನ ಕಂಬಿಗೂ ಪೊರೆಯಿದೆ. ಸಿಮೆಂಟಿನ ಕ್ಷಾರದಿಂದ ಕಾಂಕ್ರೀಟಿನ ಪಿಎಚ್ 12ಕ್ಕೂ ಮೇಲಿರುತ್ತದೆ. ಅಷ್ಟಿರುವವರೆಗೆ ಪೊರೆ ಉಳಿದು ಕಂಬಿ ಕ್ಷೇಮ. ಆದರೆ ಉಪ್ಪಿನ ಕ್ಲೋರೈಡು ಒಳಗಿಳಿದರೆ ಪೊರೆ ಅಲ್ಲಲ್ಲಿ ತೂತಾಗುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಬೇಕು. ಅದು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಕರಾವಳಿಯ ಹಳೇ ಮನೆಗಳ ಸಜ್ಜಾದಡಿ ಕಂಬಿ ಹೊರಬಿದ್ದದ್ದನ್ನು ನೀನೇ ನೋಡಿದ್ದೀಯ.

ಹಾಗಾಗಿ ಕವರ್, ಅಂದರೆ ಕಂಬಿಯ ಮೇಲಿನ ಕಾಂಕ್ರೀಟಿನ ದಪ್ಪದ ವಿಷಯದಲ್ಲಿ ಯಾರ ಮುಲಾಜಿಗೂ ಬೀಳಬೇಡ. ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಕಡಲ ಗಾಳಿಗೆ ತೆರೆದ ಕಾಂಕ್ರೀಟಿಗೆ 45 ಮಿ.ಮೀ. ಕವರ್, ಎಂ30 ದರ್ಜೆ ಬೇಕು. ಮೇಸ್ತ್ರಿಗಳು ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಕೊಟ್ಟು ಕಂಬಿ ಎತ್ತುತ್ತಾರೆ. ಕಾಂಕ್ರೀಟು ಸುರಿಯುವಾಗ ಅದು ಜಾರಿ ಕಂಬಿ ಸೆಂಟ್ರಿಂಗ್ ಹಲಗೆಗೇ ತಾಗುತ್ತದೆ. ಸುರಿಯುವ ಮುಂಚೆ ನೀನೇ ಬಗ್ಗಿ ಅಳತೆ ಹಿಡಿದು ನೋಡು. ಕಡಲ ಮರಳು ಅಗ್ಗವೆಂದರೂ ಬೇಡ. ಬಾವಿ ನೀರು ಉಪ್ಪಾಗಿದ್ದರೆ ಪರೀಕ್ಷೆ ಮಾಡಿಸು. ಲೀಟರಿಗೆ 500 ಮಿ.ಗ್ರಾಂ. ಕ್ಲೋರೈಡು ಮೀರಿದರೆ ಕಲಸಲೂ ಬೇಡ, ಕ್ಯೂರಿಂಗಿಗೂ ಬೇಡ. ಕ್ಯೂರಿಂಗ್ ಸರಿಯಾಗದ ಕಾಂಕ್ರೀಟು ಉಪ್ಪನ್ನು ಬೇಗ ಹೀರುತ್ತದೆ ಎನ್ನುವುದೂ ನೆನಪಿರಲಿ.

ಕೊನೆಗೆ ರೇಲಿಂಗು. ಉಪ್ಪುಗಾಳಿಗೆ 304 ಸ್ಟೇನ್‌ಲೆಸ್ ಸ್ಟೀಲು ಸಾಲದು, ತುಕ್ಕು ಚುಕ್ಕೆಚುಕ್ಕೆಯಾಗಿ ಕೊರೆಯುತ್ತದೆ. ಮಾಲಿಬ್ಡಿನಂ ಸೇರಿದ 316 ಕೇಳು. ಅದನ್ನೂ ಆಗಾಗ ಸಿಹಿನೀರಿನಲ್ಲಿ ತೊಳೆಯುವಂತೆ ಮನೆಯವರಿಗೆ ಹೇಳಿ ಬಾ.