ಉಮ್ಮತ್ತಿಯ ವಿಷ, ಆಟ್ರೋಪಿನ್ ಮದ್ದು

ಸದಸ್ಯರೊಬ್ಬರ ಹಸು, ಔಷಧಿ ಹೊಡೆದ ಹೊಲದ ಬದುವಿನ ಹುಲ್ಲು ತಿಂದು, ಜೊಲ್ಲು ಸುರಿಸುತ್ತಾ ನಡುಗುತ್ತಿತ್ತು. ಆಟ್ರೋಪಿನ್ ಚುಚ್ಚುಮದ್ದು ಕೊಟ್ಟ ಮೇಲೆ ಉಸಿರಾಟ ಹಗುರವಾಯಿತು. ಇದು ಉಮ್ಮತ್ತಿಯ ಬಳಗದ ಗಿಡಗಳಿಂದ ಬಂದ ಮದ್ದು ಎಂದು ಮಾತಿಗೆ ಹೇಳಿದೆ. "ಹಾಗಾದರೆ ಡಾಕ್ಟ್ರೇ, ಇನ್ನೊಂದು ಸಲ ನಾವೇ ಉಮ್ಮತ್ತಿ ರಸ ಕುಡಿಸಬಹುದಲ್ಲ?" ಎಂದರು. ಖಂಡಿತ ಕೂಡದು.

ಗಿಡಗಳಲ್ಲಿ ಉತ್ಪತ್ತಿಯಾಗುವ, ಸಾರಜನಕವುಳ್ಳ, ಹೆಚ್ಚಾಗಿ ಕಹಿಯಾದ ಒಂದು ಬಗೆಯ ವಸ್ತುಗಳಿಗೆ ಆಲ್ಕಲಾಯ್ಡ್ ಎಂದು ಹೆಸರು. ಸಿಂಕೋನಾ ತೊಗಟೆಯ ಕ್ವಿನೈನ್, ಹೊಗೆಸೊಪ್ಪಿನ ನಿಕೋಟಿನ್ ಇದೇ ಗುಂಪಿನವು. ಉಮ್ಮತ್ತಿಯಲ್ಲಿ ಹಯೋಸಯಮಿನ್ ಮತ್ತು ಸ್ಕೋಪೋಲಮಿನ್ ಇರುತ್ತವೆ. ಗಿಡದಿಂದ ಬೇರ್ಪಡಿಸುವಾಗ ಹಯೋಸಯಮಿನ್ ಆಟ್ರೋಪಿನ್ ಆಗಿ ಮಾರ್ಪಡುತ್ತದೆ. 1830ರ ದಶಕದಲ್ಲಿ ಜರ್ಮನಿಯಲ್ಲಿ ಬೆಲ್ಲಡೊನ್ನಾ ಗಿಡದಿಂದ ಇದನ್ನು ಶುದ್ಧರೂಪದಲ್ಲಿ ಪಡೆದರು. ಸ್ಕೋಪೋಲಮಿನ್‌ಗಾಗಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಡುಬೋಸಿಯಾ ಎಂಬ ಗಿಡವನ್ನು ಬೆಳೆಯಾಗಿಯೇ ಬೆಳೆಸುತ್ತಾರೆ.

ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫರಸ್ ಕೀಟನಾಶಕ ಮೈಗೆ ಸೇರಿದಾಗ, ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಒಡೆಯದೆ ಉಳಿದುಬಿಡುತ್ತದೆ. ಜೊಲ್ಲು, ಭೇದಿ, ಕಿರಿದಾದ ಕಣ್ಣಿನ ಪಾಪೆ, ಶ್ವಾಸನಾಳದ ತುಂಬ ಲೋಳೆ ಇವೆಲ್ಲ ಅದರ ಫಲ. ಆಟ್ರೋಪಿನ್ ಆ ಸಂದೇಶಕ್ಕೆ ಅಡ್ಡ ನಿಂತು ಜೀವ ಉಳಿಸುತ್ತದೆ. ಮಾಂಸಖಂಡಗಳ ನಡುಕವನ್ನು ಮಾತ್ರ ಅದು ನಿಲ್ಲಿಸಲಾರದು. ಎಲ್ಲ ಬಗೆಯ ಕೀಟನಾಶಕಕ್ಕೂ ಇದು ಮದ್ದಲ್ಲ.

ಪ್ರಮಾಣ ನೋಡಿ. ಕೆ.ಜಿ. ತೂಕಕ್ಕೆ ಕಾಲು ಮಿಲಿಗ್ರಾಂ ಎಂದರೂ 400 ಕೆ.ಜಿ. ಹಸುವಿಗೆ 100 ಮಿಲಿಗ್ರಾಂ ಬೇಕು. ಮನುಷ್ಯರಿಗೆ ಬಳಸುವ 0.6 ಮಿಲಿಗ್ರಾಂ ಆಂಪೂಲುಗಳಲ್ಲಿ ಲೆಕ್ಕ ಹಾಕಿದರೆ ನೂರರವತ್ತಕ್ಕೂ ಹೆಚ್ಚು! ತುಸು ಹೆಚ್ಚಾದರೆ ಹೊಟ್ಟೆಯ ಚಲನೆ ನಿಂತು ಉಬ್ಬರವಾಗುತ್ತದೆ. ಆದ್ದರಿಂದ ವೈದ್ಯರು ನೋಡಿ ನೋಡಿ ಕೊಡುತ್ತಾರೆ. ಉಮ್ಮತ್ತಿಯಲ್ಲಾದರೋ ಎಲೆಗೊಂದು, ಬೀಜಕ್ಕೊಂದು, ಗಿಡದ ವಯಸ್ಸಿಗೊಂದು ಪ್ರಮಾಣ. ರಸ ಕುಡಿಸಿದವರಿಗೆ ಎಷ್ಟು ಮದ್ದು ಹೊಟ್ಟೆಗೆ ಹೋಯಿತೆಂದೇ ತಿಳಿಯದು.

ಹಸಿ ಉಮ್ಮತ್ತಿಯ ವಾಸನೆಗೆ ದನಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಆದರೆ ಜೋಳದ ಮೇವಿನೊಡನೆ ಕತ್ತರಿಸಿ ಹಾಕಿದರೆ ತಿಂದುಬಿಡುತ್ತವೆ. ಆಗ ಬಾಯಿ ಒಣಗಿ, ಪಾಪೆ ಅಗಲವಾಗಿ, ಮೆಲುಕು ನಿಲ್ಲುತ್ತದೆ. ಕೀಟನಾಶಕದ ವಿಷಕ್ಕೆ ಇದು ತದ್ವಿರುದ್ಧ. ರಸಮೇವು ಮಾಡಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಮೇವು ಕೊಯ್ಯುವ ಮುನ್ನವೇ ಗಿಡ ಕಿತ್ತುಹಾಕಿ.

ಕೀಟನಾಶಕ ತಾಗಿದ ಅನುಮಾನವಿದ್ದರೆ ಮೇವು ತೆಗೆಯಿರಿ. ಮೈಗೆ ಬಿದ್ದಿದ್ದರೆ, ಕೈಗೆ ಕವಚ ಹಾಕಿಕೊಂಡು ಸಾಬೂನು ನೀರಿನಿಂದ ತೊಳೆಯಿರಿ. ನಡುಗುವ ದನಕ್ಕೆ ಗೊಟ್ಟದಲ್ಲಿ ಏನನ್ನೂ ಕುಡಿಸಬೇಡಿ. ಔಷಧಿಯ ಡಬ್ಬಿಯನ್ನು ವೈದ್ಯರಿಗೆ ತೋರಿಸಿ. ಆ ಹಸುವಿನ ಹಾಲನ್ನು ಅವರು ಹೇಳುವವರೆಗೆ ಸಂಘಕ್ಕೆ ಹಾಕಬೇಡಿ, ಕರುವಿಗೂ ಬಿಡಬೇಡಿ.